ಒಂಬತ್ತೂ ಮುಕ್ಕಾಲಿಗೆ ಒಲೆ ಮುಂದೆ ಬಿಸಿಲು: ಮನೆಯ ಸುತ್ತಲೇ ಫೋಟೊ ಹುಡುಕುವ ಬಗೆ

ಮೂರು ವರ್ಷದ ಹಿಂದೆ ನನ್ನ ತಮ್ಮ ಒಂದು ಫೋನ್ ತಂದುಕೊಟ್ಟ. "ಕ್ಯಾಮೆರಾ ಚೆನ್ನಾಗಿದೆ ಅಕ್ಕ, ಫೋಟೊ ತೆಗಿ" ಅಂದ. ಏನು ತೆಗೆಯಲಿ ಅಂತ ನನಗೆ ತಿಳಿಯಲಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆ ಹಿಂದೆ ರೇಷ್ಮೆ ಹುಳು ಸಾಕುವ ಹುಳು ಮನೆ, ಎರಡು ಹಸು. ಇದರಲ್ಲಿ ಫೋಟೊ ತೆಗೆಯುವಂಥದ್ದು ಏನಿದೆ ಅಂತ ಅನ್ನಿಸಿತ್ತು.

ಹಾಗಾಗಿ ಎಲ್ಲರಂತೆ ನಂದಿ ಬೆಟ್ಟಕ್ಕೆ ಹೋದೆವು. ಬೆಳಗಿನ ಜಾವವೇ ಎದ್ದು, ಚಳಿಯಲ್ಲಿ ಬೈಕ್ ಮೇಲೆ. 1,478 ಮೀಟರ್ ಎತ್ತರದ ಬೆಟ್ಟ ಅದು. ಮೋಡ ಕಾಲ ಕೆಳಗೆ ಹಾಲಿನ ಹಾಗೆ ಹರಡಿತ್ತು. ಸೂರ್ಯ ಬಂದ ಕೂಡಲೇ ಸುತ್ತ ಇದ್ದವರೆಲ್ಲ ಕೈ ಎತ್ತಿ ಫೋನ್ ಹಿಡಿದರು. ನಾನೂ ಹಿಡಿದೆ. 180 ಫೋಟೊ ತೆಗೆದೆ. ಚೆನ್ನಾಗಿಯೇ ಬಂದಿದ್ದವು. ಆದರೆ ಪಕ್ಕದಲ್ಲಿ ನಿಂತಿದ್ದ ಹುಡುಗನ ಫೋನಿನಲ್ಲೂ ಅವೇ ಇದ್ದವು. ಇದು ನಾನು ಕಂಡಿದ್ದು ಅಂತ ಹೇಳುವಂಥದ್ದು ಒಂದೂ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಒಲೆ ಮುಂದೆ ಕೂತಿದ್ದರು. ನಮ್ಮದು ಹಳೆಯ ನಾಡಹೆಂಚಿನ ಮನೆ. ಅಡುಗೆಮನೆ ಮೇಲೆ ಒಂದು ಗಾಜಿನ ಹೆಂಚು ಇದೆ. ಅದರಿಂದ ಒಂದು ಬಿಸಿಲುಕೋಲು ನೇರವಾಗಿ ಒಲೆ ಮುಂದಕ್ಕೆ ಇಳಿದಿತ್ತು. ಅತ್ತೆ ಬಸ್ಸಾರಿಗೆ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿಯಿತು. ಹೊಗೆ ಮೇಲಕ್ಕೆದ್ದು ಆ ಕೋಲಿನೊಳಗೆ ಹೊಕ್ಕಾಗ ಮಾತ್ರ ಕಾಣಿಸುತ್ತಿತ್ತು. ಆಚೆ ಹೋದರೆ ಮಾಯ. ಸುರುಳಿ ಸುರುಳಿಯಾಗಿ, ನೀಲಿ ಬಣ್ಣ. ಬಾಗಿಲಲ್ಲೇ ನಿಂತು ಒಂದು ಫೋಟೊ ತೆಗೆದೆ. ಆ 180ಕ್ಕಿಂತ ಇದೊಂದು ಚೆನ್ನಾಗಿತ್ತು.

ಮಾರನೇ ದಿನ ಇನ್ನೂ ಚೆನ್ನಾಗಿ ತೆಗೆಯೋಣ ಅಂತ ಹನ್ನೊಂದು ಗಂಟೆಗೆ ಹೋದೆ. ಅತ್ತೆ ಇದ್ದರು, ಒಲೆ ಇತ್ತು, ಹೊಗೆಯೂ ಇತ್ತು. ಬಿಸಿಲುಕೋಲು ಮಾತ್ರ ಗೋಡೆ ಕಡೆಗೆ ಸರಿದು ಉಪ್ಪಿನಕಾಯಿ ಜಾಡಿ ಮೇಲೆ ಕೂತಿತ್ತು. ಮೂರನೇ ದಿನ ಒಂಬತ್ತಕ್ಕೇ ಹೋಗಿ ಕಾದೆ. ಒಂಬತ್ತೂ ಮುಕ್ಕಾಲಿಗೆ ಬಂತು. ಹತ್ತೂ ಐದಕ್ಕೆ ಹೋಯಿತು. ಇಪ್ಪತ್ತೇ ನಿಮಿಷ.

ನನಗೆ ವಿಷಯ ಅರ್ಥವಾಗಿದ್ದು ಅಲ್ಲಿ. ಫೋಟೊಗೆ ತಕ್ಕದ್ದು ಎಲ್ಲಿದೆ ಅಂತ ಹುಡುಕುತ್ತಿದ್ದೆ. ಕೇಳಬೇಕಾಗಿದ್ದು ಎಷ್ಟು ಹೊತ್ತಿಗೆ ಅಂತ. ನಂದಿ ಬೆಟ್ಟದ ಸೂರ್ಯೋದಯದ ಹೊತ್ತು ಎಲ್ಲರಿಗೂ ಗೊತ್ತು. ನಿಮ್ಮ ಅಡುಗೆಮನೆಯ ಹೊತ್ತು, ನಿಮ್ಮ ಬೀದಿಯ ಹೊತ್ತು ನಿಮಗೆ ಬಿಟ್ಟು ಬೇರೆ ಯಾರಿಗೆ ಗೊತ್ತಿರುತ್ತದೆ?

ಮೊದಲು ಒಂದು ಪುಸ್ತಕ ಇಡಿ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಶುರು ಮಾಡಿದೆ. ಒಂದು ವಾರ ಫೋಟೊ ತೆಗೆಯಲೇಬೇಡಿ. ಸುಮ್ನೆ ಮನೆಯಲ್ಲಿ ಓಡಾಡುವಾಗ ಬಿಸಿಲು ಎಲ್ಲಿ ಬಿದ್ದಿದೆ ನೋಡಿ, ಗಂಟೆ ಬರೆಯಿರಿ. ನನ್ನ ಮೊದಲ ವಾರದ ಹಾಳೆಯಲ್ಲಿ ಹೀಗಿದೆ: "6.50 ಕೊಟ್ಟಿಗೆ ಬಾಗಿಲು, ಹಸು ಬೆನ್ನಿನ ಮೇಲೆ ಆವಿ. 8.15 ಬಚ್ಚಲಿನ ಹಂಡೆ. 9.45 ಒಲೆ. 4.30 ಜಗಲಿ ಕಂಬದ ನೆರಳು ರಂಗೋಲಿ ಮೇಲೆ. 5.40 ತಂತಿ ಮೇಲಿನ ಸೀರೆಯಲ್ಲಿ ಬಿಸಿಲು ಬಣ್ಣವಾಗಿ ಗೋಡೆಗೆ." ಐದೇ ಸಾಲು. ಆದರೆ ಐದು ಫೋಟೊ ಎಲ್ಲಿ ಸಿಗುತ್ತವೆ ಅಂತ ಗೊತ್ತಾಯಿತು.

ಹೊತ್ತು ಬರೆದರೆ ಸಾಲದು, ತಿಂಗಳನ್ನೂ ಬರೆಯಿರಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಬಾಗಿಲಿದ್ದರೆ ಬಿಸಿಲು ಒಳಗೆ ದೂರದವರೆಗೆ ಬಂದು ಮಲಗುತ್ತದೆ. ಬೇಸಿಗೆಯಲ್ಲಿ ಅದೇ ಬಿಸಿಲು ಹೊಸ್ತಿಲಲ್ಲೇ ನಿಲ್ಲುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ನಡುವೆ ಮತ್ತೊಂದು ದಿನ, ನಮ್ಮ ಕಡೆ ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಅಂಗಳದಲ್ಲಿ ಒಂದು ಲೋಟ ಬೋರಲು ಹಾಕಿ ತೆಗೆದು ನೋಡಿ. ಲೋಟ ನೆಲದ ಮೇಲಿಲ್ಲ, ಎಲ್ಲೋ ತೇಲುತ್ತಿದೆ ಅನ್ನಿಸುತ್ತದೆ. ನನ್ನ ಮಗಳಿಗೆ ಆ ಫೋಟೊ ಬಹಳ ಇಷ್ಟ.

ಇಂಥ ಸಣ್ಣಪುಟ್ಟದ್ದನ್ನೆಲ್ಲ ಫೋಟೊ ಅನ್ನುತ್ತಾರಾ ಅಂತ ನಿಮಗೂ ಅನುಮಾನ ಬರಬಹುದು. ನನಗೂ ಬಂದಿತ್ತು. ಆಮೇಲೆ ತಿಳಿದುಕೊಂಡೆ. ಪ್ರಪಂಚದಲ್ಲಿ ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸಿನ ನಿಯೆಪ್ಸ್ ಅನ್ನುವವರು 1826-27ರ ಸುಮಾರಿಗೆ ತೆಗೆದರು. ಏನದು? ಅವರ ಮನೆ ಮಹಡಿ ಕಿಟಕಿಯಿಂದ ಕಾಣುವ ಅಕ್ಕಪಕ್ಕದ ಮಾಡುಗಳು. ಇಂಗ್ಲೆಂಡಿನ ಟಾಲ್ಬಟ್ 1844ರಲ್ಲಿ ಒಂದು ತೆರೆದ ಬಾಗಿಲ ಮುಂದೆ ಕಡ್ಡಿ ಪೊರಕೆ ಒರಗಿಸಿ ತೆಗೆದರು. ಪೊರಕೆ ಓರೆಯಾಗಿ ನಿಂತಿದೆ, ಅದರ ನೆರಳೂ ಓರೆಯಾಗಿ ಬಾಗಿಲ ಮೇಲೆ ಬಿದ್ದಿದೆ. ಅಷ್ಟೇ ಚಿತ್ರ. ಅದನ್ನು ಇಂದಿಗೂ ಜನ ನಿಂತು ನೋಡುತ್ತಾರೆ. ಪೊರಕೆ ನಮ್ಮ ಮನೆಯಲ್ಲೂ ಇದೆ, ಅಲ್ವಾ?

ಇನ್ನು ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆ ಕೈಯಲ್ಲಿ ಹಿಡಿದ ಫೋನಿಗೆ ಜಿಡ್ಡು ಹತ್ತಿರುತ್ತದೆ, ಫೋಟೊ ಮಂಜು ಮಂಜಾಗುತ್ತದೆ. ಬಿಸಿಲು ಬಿದ್ದ ಜಾಗದ ಮೇಲೆ ಪರದೆಯಲ್ಲಿ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸುತ್ತಲಿನದು ಕತ್ತಲಾಗುತ್ತದೆ, ಬಿಸಿಲು ಬಿದ್ದದ್ದು ಉಳಿಯುತ್ತದೆ. ಫೋನ್ ತಾನಾಗಿ ಎಲ್ಲವನ್ನೂ ಬೆಳ್ಳಗೆ ಮಾಡಲು ನೋಡುತ್ತದೆ, ಅದಕ್ಕೆ ಬಿಡಬೇಡಿ. ಫ್ಲಾಷ್ ಆಫ್ ಮಾಡಿಡಿ. ಜೂಮ್ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ತೀರಾ ಹತ್ತಿರ ಹೋದರೆ ಫೋಕಸ್ ಸಿಗುವುದಿಲ್ಲ. ಒಂದು ಗೇಣು ದೂರ ಬಿಟ್ಟು ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಬೆಳಕು ಕಮ್ಮಿ ಇರುವಲ್ಲಿ ಮೊಣಕೈಯನ್ನು ಗೋಡೆಗೆ ಒರಗಿಸಿ, ಉಸಿರು ಬಿಟ್ಟು ಒತ್ತಿ.

ಈಗ ಹುಳು ಮನೆಗೆ ಬರೋಣ. ನನಗೆ ಅತಿ ಹೆಚ್ಚು ಫೋಟೊ ಸಿಕ್ಕಿದ್ದು ಅಲ್ಲೇ. ಏಕೆಂದರೆ ಹುಳುವಿನ ಹೊತ್ತು ನನಗೆ ಬಾಯಿಪಾಠ.

ಎರಡು ಜ್ವರ ಮುಗಿದ ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬರುತ್ತವೆ. ಜ್ವರ ಅಂದರೆ ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡುವ ಹೊತ್ತು. ಒಟ್ಟು ನಾಲ್ಕು ಸಲ. ಆಗ ಇಡೀ ಹುಳು ಮನೆ ಸ್ತಬ್ಧ. ಸಾವಿರಾರು ತಲೆಗಳು ಒಂದೇ ರೀತಿ ಮೇಲಕ್ಕೆ. ಇದೊಂದು ಫೋಟೊ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಏಳೆಂಟು ದಿನ ಅವು ತಿನ್ನುವ ರಭಸ ನೋಡಬೇಕು. ಒಂದು ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ದಿನಗಳಲ್ಲೇ ಹೋಗುತ್ತದೆ. ಕಣ್ಣು ಮುಚ್ಚಿದರೆ ಹೆಂಚಿನ ಮೇಲೆ ಮಳೆ ಬಂದ ಸದ್ದು. ಆ ಸದ್ದನ್ನು ಫೋಟೊದಲ್ಲಿ ಹೇಗೆ ತೋರಿಸುವುದು? ನಾನು ಎರಡು ಬೆಳೆ ಒದ್ದಾಡಿದೆ. ಕೊನೆಗೆ ಹೊಳೆದದ್ದು ಇದು. ಸೊಪ್ಪು ಹಾಕಿದ ಕೂಡಲೇ ಒಂದು ಫೋಟೊ. ಅದೇ ಜಾಗದಲ್ಲಿ, ಅದೇ ಎತ್ತರದಿಂದ, ಹತ್ತು ಹತ್ತು ನಿಮಿಷಕ್ಕೆ ಒಂದೊಂದು, ಒಟ್ಟು ಐದು. ಮೊದಲನೆಯದರಲ್ಲಿ ಬರೀ ಹಸಿರು. ನಡುವೆ ಎಲೆಯ ಅಂಚು ಗರಗಸದ ಹಾಗೆ. ಕೊನೆಯದರಲ್ಲಿ ಬರೀ ಕಡ್ಡಿ, ಬರೀ ಹುಳು. ಐದನ್ನೂ ಸಾಲಾಗಿಟ್ಟು ನೋಡಿದರೆ ಸದ್ದು ಕೇಳಿಸುತ್ತದೆ.

ಆಮೇಲೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ದಿನ. ನೀವು ಯಾರದ್ದಾದರೂ ಹುಳು ಮನೆಗೆ ಹೋಗುವುದಾದರೆ ಈ ದಿನ ಕೇಳಿಕೊಂಡು ಹೋಗಿ. ಹಣ್ಣಾದ ಹುಳು ತಿನ್ನುವುದಿಲ್ಲ. ಮೈ ಸ್ವಲ್ಪ ಕುಗ್ಗುತ್ತದೆ. ಬಿಳುಪು ಹೋಗಿ ಒಳಗಿಂದ ಜೇನಿನ ಬಣ್ಣ ಬರುತ್ತದೆ. ಒಂದನ್ನು ಅಂಗೈ ಮೇಲಿಟ್ಟು ಕಿಟಕಿ ಕಡೆ ಹಿಡಿಯಿರಿ. ಬೆಳಕು ಅದರ ಮೈಯೊಳಗೆ ಹಾದು ಬರುತ್ತದೆ. ನಮ್ಮ ಚಿಕ್ಕಬಳ್ಳಾಪುರದ ದಿಲ್‌ಖುಷ್ ದ್ರಾಕ್ಷಿಯನ್ನು ಬಿಸಿಲಿಗೆ ಹಿಡಿದರೆ ಕಾಣುತ್ತದಲ್ಲ, ಹಾಗೆ. ತಲೆ ಎತ್ತಿ ಅತ್ತ ಇತ್ತ ಬೀಸುತ್ತದೆ, ಹಿಡಿದುಕೊಳ್ಳಲು ಜಾಗ ಹುಡುಕುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದೆ ಇದ್ದರೆ ಇದು ಯಾವುದೂ ಕಾಣುವುದಿಲ್ಲ, ಬರೀ ಒಂದು ಹುಳು ಕಾಣುತ್ತದೆ. ಹುಳು ನಿಮಗೂ ಕಿಟಕಿಗೂ ನಡುವೆ ಬರಬೇಕು. ಎಲೆ, ಹೂವಿನ ದಳ, ಬಾಟಲಿ, ತೆಳು ಬಟ್ಟೆ, ಮಗುವಿನ ಕಿವಿ, ಬೆಳಕು ಹಾಯುವ ಯಾವುದಕ್ಕೂ ಇದೇ ದಾರಿ.

ಸಂಜೆ ಹೊತ್ತಿಗೆ ಅವನ್ನು ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡುತ್ತೇವೆ. ಬೆಳಗಾಗುವಷ್ಟರಲ್ಲಿ ತೆಳು ಪರದೆ ಕಟ್ಟಿಕೊಂಡಿರುತ್ತವೆ. ಒಳಗೆ ಹುಳು ತಲೆಯಾಡಿಸುವುದು ಮಸುಕಾಗಿ ಕಾಣುತ್ತದೆ. ಮಾರನೇ ದಿನಕ್ಕೆ ಗೂಡು ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಅಂದರೆ ನಿಮಗಿರುವುದು ಒಂದು ಬೆಳಗು ಮಾತ್ರ.

ಇಲ್ಲಿ ನನ್ನಿಂದ ಆದ ಒಂದು ತಪ್ಪು ಹೇಳಬೇಕು. ಮೊದಲ ಸಲ ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ ಅಂತ ಫೋನಿನ ಟಾರ್ಚನ್ನು ಒಂದು ಚಂದ್ರಿಕೆಗೆ ಹಿಡಿದು ಬಹಳ ಹೊತ್ತು ನಿಂತೆ. ಹಣ್ಣಾದ ಹುಳುವಿಗೆ ಜೋರು ಬೆಳಕು ಆಗುವುದಿಲ್ಲ. ಎಲ್ಲ ಕತ್ತಲ ಕಡೆಗೆ ಸರಿದು ಒಂದರ ಮೇಲೊಂದು ಸೇರಿಕೊಂಡವು. ಆ ಮೂಲೆಯಲ್ಲಿ ಎಷ್ಟೋ ಜೋಡಿ ಗೂಡು ಆದವು, ಎರಡು ಹುಳು ಸೇರಿ ಕಟ್ಟಿದ, ನೂಲು ಸರಿಯಾಗಿ ಬಿಚ್ಚಲು ಬಾರದ ಗೂಡು. ಅತ್ತೆ ಬೈಯಲಿಲ್ಲ. ಆರಿಸುವಾಗ ಅವನ್ನು ಬೇರೆ ಮೊರದಲ್ಲಿ ಹಾಕಿ ನನ್ನ ಮುಂದೆ ಇಟ್ಟರು. ಇದು ನಮ್ಮ ಹೊಟ್ಟೆಪಾಡು. ಫೋಟೊಗಾಗಿ ಬೆಳೆ ಕೆಡಿಸಬಾರದು. ಅವತ್ತಿನಿಂದ ಕಿಟಕಿ ಬೆಳಕು ಬಿಟ್ಟು ಬೇರೆ ಬೆಳಕು ನಾನು ಬಳಸಿಲ್ಲ. ಇನ್ನೊಬ್ಬರ ಹುಳು ಮನೆಗೆ ಹೋದರೆ ಅವರು ಹೇಳಿದ ಹಾಗೆ ಕೈಕಾಲು ತೊಳೆದು, ಫೋನನ್ನೂ ಒರೆಸಿಕೊಂಡು ಹೋಗಿ. ರೋಗ ಹೊರಗಿನವರ ಕಾಲಿನ ಜೊತೆ ಬರುತ್ತದೆ. ಬೇಡ ಅಂದರೆ ವಾಪಸ್ ಬನ್ನಿ.

ಬೆಳೆ ಮುಗಿದ ಮೇಲೆ ಚಂದ್ರಿಕೆಗಳನ್ನು ತೊಳೆದು ಬೀದಿ ಗೋಡೆಗೆ ಒರಗಿಸಿ ಒಣಗಿಸುತ್ತಾರೆ. ಬಿದಿರಿನ ಸುರುಳಿ, ಸುರುಳಿಯ ನೆರಳು, ಆ ನೆರಳಿನ ಜಾಲದೊಳಗೆ ಮಲಗಿದ ನಾಯಿ. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಒಳ್ಳೆಯ ಹೊತ್ತು. ಈಗ ತುಂಬಾ ಜನ ಪ್ಲಾಸ್ಟಿಕ್ ನೇತ್ರಿಕೆಗೆ ಬದಲಾಯಿಸಿದ್ದಾರೆ. ಬಿದಿರಿನ ಚಂದ್ರಿಕೆ ನಮ್ಮ ಬೀದಿಯಲ್ಲಿ ಕಮ್ಮಿಯಾಗುತ್ತಿದೆ. ನಿಮ್ಮ ಮನೆಯಲ್ಲೂ ಮುಂದಿನ ವರ್ಷ ಇರುವುದಿಲ್ಲ ಅನ್ನಿಸುವ ವಸ್ತು ಯಾವುದು ಅಂತ ಯೋಚಿಸಿ ನೋಡಿ. ಒರಳು, ಕುದುರು, ಲಾಟೀನು, ಗೋಡೆ ಮೇಲೆ ಹಾಲಿನ ಲೆಕ್ಕದ ಗೆರೆ. ಅವುಗಳನ್ನು ಮೊದಲು ತೆಗೆಯಿರಿ.

ಶಿಡ್ಲಘಟ್ಟ ಪೇಟೆಯಲ್ಲಿ ನೂಲು ಬಿಚ್ಚುವ ಮನೆಗಳಿವೆ. ಬಿಸಿನೀರಿನ ತೊಟ್ಟಿ, ಆವಿ, ನೀರಲ್ಲಿ ಕುಣಿಯುವ ಗೂಡು. ಬೈವೋಲ್ಟೈನ್ ಅನ್ನುವ ತಳಿಯ ಒಳ್ಳೆಯ ಗೂಡಿನ ಒಂದೇ ಎಳೆ ಸುಮಾರು 1,000 ಮೀಟರ್ ಉದ್ದ ಬರುತ್ತದೆ. ಆದರೆ ಆ ಎಳೆ ಫೋಟೊದಲ್ಲಿ ಕಾಣಿಸುವುದೇ ಇಲ್ಲ, ಅಷ್ಟು ತೆಳು. ನಾನು ಸುಮಾರು ಹೊತ್ತು ಸುತ್ತಿ ಸುತ್ತಿ ನೋಡಿದೆ. ಕೊನೆಗೆ ಮಸಿ ಹಿಡಿದ ಗೋಡೆ ಹಿಂದೆ ಬರುವ ಹಾಗೆ ಬಗ್ಗಿದೆ. ಪಕ್ಕದ ಬಾಗಿಲಿನ ಬೆಳಕು ಬಿತ್ತು. ಎಂಟು ಎಳೆ ಮಿಂಚಿದವು. ಹಿಂದೆ ಕಪ್ಪು, ಪಕ್ಕದಿಂದ ಬೆಳಕು: ನೂಲು, ಮಳೆಹನಿ, ಆವಿ, ಹೊಗೆ, ಜೇಡರ ಬಲೆ ಎಲ್ಲಕ್ಕೂ ಇದು ನಡೆಯುತ್ತದೆ. ನನ್ನ ಅಡುಗೆಮನೆಯ ಹೊಗೆ ಕಂಡದ್ದೂ ಹೀಗೇ ಅಂತ ಆಗ ತಿಳಿಯಿತು.

ಗೂಡಿನ ಮಾರುಕಟ್ಟೆಯಲ್ಲಿ ಜನ, ಗಲಾಟೆ, ಜಾಲರಿ ತುಂಬ ಗೂಡು. ಎಲ್ಲವನ್ನೂ ಒಂದೇ ಫೋಟೊಗೆ ತುಂಬಲು ಹೋದರೆ ಯಾವುದೂ ಕಾಣುವುದಿಲ್ಲ. ನೂಲು ಬಿಚ್ಚಲು ಗೂಡು ಕೊಳ್ಳುವ ಒಬ್ಬ ರೀಲರ್ ಒಂದು ಗೂಡನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ಕೇಳುತ್ತಾನೆ, ಒಳಗಿನ ಹುಳು ಕೋಶವಾಗಿ ಗಟ್ಟಿಯಾಗಿ ಅಲ್ಲಾಡುತ್ತಿದೆಯಾ ಅಂತ. ಆ ಕೈ, ಆ ಕಿವಿ, ಆ ಗೂಡು. ಅಷ್ಟು ಸಾಕು. ಗಲಾಟೆಯಿರುವ ಜಾಗದಲ್ಲಿ ಜನ ಮತ್ತೆ ಮತ್ತೆ ಮಾಡುವ ಒಂದು ಸಣ್ಣ ಕೆಲಸ ಹುಡುಕಿ. ಮತ್ತೆ ಮಾಡೇ ಮಾಡುತ್ತಾರೆ. ಹಾಗಾಗಿ ಒಂದು ಸಲ ತಪ್ಪಿದರೂ ಕಾದರೆ ಸಿಗುತ್ತದೆ.

ಹುಳು ಇಲ್ಲದ ಮನೆಯವರು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ವರ್ಷವಿಡೀ ಏನಾದರೂ ಇದ್ದೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ. ಜಗಲಿ ಮೇಲೆ ನಾಲ್ಕು ಜನ ಹೆಂಗಸರು ಕೂತರೆ ಅವರೆಕಾಳು ಹಿತಕುವುದು ನಡೆಯುತ್ತದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪಟ್ಟನೆ ಹಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಾತು ನಡೆಯುತ್ತಲೇ ಇರುತ್ತದೆ, ಅರ್ಧ ತೆಲುಗು, ಅರ್ಧ ಕನ್ನಡ. ಮುಖ ಬಿಟ್ಟು ಬೆರಳನ್ನೇ ನೋಡಿ. ನನ್ನ ಅತ್ತೆಯ ಹೆಬ್ಬೆರಳಿನ ಉಗುರು ಆ ತಿಂಗಳು ಪೂರ್ತಿ ಹಸಿರು. ಬೇಸಿಗೆ ಶುರುವಾದರೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು, ಅಂಗಳ ಪೂರ್ತಿ ಕಂದು ಬಣ್ಣ. ಸುಗ್ಗಿ ಬಂದರೆ ಟಾರ್ ರಸ್ತೆ ಮೇಲೆ ಹುರುಳಿ ಹರಡಿ ಲಾರಿ ಹಾಯಲಿ ಅಂತ ಕಾಯುವುದು. ಧೂಳು ಏಳುವಾಗ ಸೂರ್ಯ ಎದುರಿಗಿದ್ದರೆ ಚಿನ್ನ.

ಮೋಡದ ದಿನ ಫೋಟೊ ಬರುವುದಿಲ್ಲ ಅನ್ನುತ್ತಾರೆ. ತಪ್ಪು. ಬಿಸಿಲಿನ ದಿನ ನೆರಳು ತೆಗೆಯಿರಿ, ಮೋಡದ ದಿನ ಬಣ್ಣ ಮತ್ತು ಮುಖ ತೆಗೆಯಿರಿ. ಕಣ್ಣು ಕಿರಿದು ಮಾಡದೆ ಜನ ನೆಮ್ಮದಿಯಾಗಿ ಕೂತಿರುತ್ತಾರೆ.

ಜನರ ಫೋಟೊ ತೆಗೆಯುವಾಗ ಕೇಳಿ ತೆಗೆಯಿರಿ. ಕೇಳಿದರೆ ಸಹಜವಾಗಿ ಬರುವುದಿಲ್ಲ ಅನ್ನುವವರಿದ್ದಾರೆ. ನನ್ನ ಅನುಭವ ಬೇರೆ. ಕೇಳಿದ ಕೂಡಲೇ ಮೈ ಬಿಗಿ ಮಾಡಿಕೊಂಡು ನಿಲ್ಲುತ್ತಾರೆ, ನಿಜ. ಆ ಒಂದು ಫೋಟೊ ತೆಗೆದು ಅವರಿಗೆ ತೋರಿಸಿ. ಆಮೇಲೆ ಅಲ್ಲೇ ಕೂತು ಅವರ ಜೊತೆ ಒಂದು ಸೇರು ಅವರೆ ಬಿಡಿಸಿ. ನೀವಿರುವುದು ಅವರಿಗೆ ಮರೆತುಹೋಗುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು (1923-2009) ಸಾಮಾನ್ಯ ಜನರನ್ನು, ಮಕ್ಕಳನ್ನು ತೆಗೆದ ಕಪ್ಪು ಬಿಳುಪು ಫೋಟೊಗಳು ಸಿಕ್ಕರೆ ನೋಡಿ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಫೋಟೊದಲ್ಲಿರುವವರು ಹೆದರಿರುವುದಿಲ್ಲ. ನನಗೆ ಅದೇ ದೊಡ್ಡ ಪಾಠ ಅನ್ನಿಸಿತು.

ತೆಗೆದದ್ದನ್ನು ಆರಿಸುವುದು ತೆಗೆಯುವಷ್ಟೇ ಮುಖ್ಯ. ಗೂಡು ಆರಿಸಿದ ಹಾಗೆ. ಅವತ್ತೇ ಆರಿಸಬೇಡಿ, ಎಲ್ಲವೂ ಚೆನ್ನಾಗಿ ಕಾಣುತ್ತವೆ. ಒಂದು ವಾರ ಬಿಟ್ಟು ನೋಡಿ. 60ರಲ್ಲಿ ಮೂರು ಉಳಿದರೆ ಒಳ್ಳೆಯ ವಾರ. ಉಳಿದ ಮೂರರಲ್ಲೂ ಅಂಚುಗಳನ್ನು ನೋಡಿ: ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಕೊಡ ಇಣುಕುತ್ತಿದೆಯಾ? ಮುಂದಿನ ಸಲ ಅರ್ಧ ಹೆಜ್ಜೆ ಸರಿದು ನಿಲ್ಲಿ ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ. ಅದೇ ಜಾಗ, ಅದೇ ಹೊತ್ತು ನಾಳೆಯೂ ಇರುತ್ತದೆ ಅನ್ನುವುದು ಮನೆಯಲ್ಲಿ ತೆಗೆಯುವವರಿಗೆ ಸಿಗುವ ದೊಡ್ಡ ಅನುಕೂಲ. ಊರೂರು ತಿರುಗುವವರಿಗೆ ಇದು ಸಿಗುವುದಿಲ್ಲ.

ಆರಿಸಿದ್ದನ್ನು ಪ್ರಿಂಟ್ ಹಾಕಿಸಿ. ಫೋನಿನಲ್ಲಿದ್ದರೆ ಯಾರೂ ನೋಡುವುದಿಲ್ಲ. ಅತ್ತೆಯ ಒಲೆ ಮುಂದಿನ ಫೋಟೊವನ್ನು ನಾನು ಪೇಟೆಯ ಒಂದು ಸ್ಟುಡಿಯೊಗೆ ಕೊಟ್ಟೆ. ಅವರು ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕು ಅಳಿಸಿ, ಕತ್ತಲಿದ್ದ ಗೋಡೆಯನ್ನೂ ತಿಳಿ ಮಾಡಿ ಕೊಟ್ಟರು. ಬಿಸಿಲುಕೋಲೇ ಕಾಣಲಿಲ್ಲ. ಅತ್ತೆ ಅದನ್ನು ಕೈಯಲ್ಲಿ ಹಿಡಿದು "ಇದ್ಯಾರೇ?" ಅಂದರು. ನನಗೆ ಅಳು ಬಂತು. ಹಾಗಾಗಿ ಕೊಡುವಾಗಲೇ ಹೇಳಿ: "ಏನೂ ಬದಲಾಯಿಸಬೇಡಿ, ಇದ್ದ ಹಾಗೇ ಹಾಕಿ." ಚೀಟಿಯಲ್ಲೂ ಬರೆಸಿ. ಎರಡನೇ ಸಲ ಹಾಗೇ ಮಾಡಿದೆ. ಆ ಪ್ರಿಂಟ್ ಈಗ ದೇವರ ಕೋಣೆ ಬಾಗಿಲ ಪಕ್ಕದಲ್ಲಿದೆ. ಫೋಟೊದಲ್ಲಿರುವವರಿಗೆಲ್ಲ ಒಂದೊಂದು ಪ್ರತಿ ಕೊಡಿ. ಫೋಟೊ ಕೈಗೆ ಬಂದವರು ಮುಂದಿನ ಸಲ ತಾವೇ ಕರೆದು ಹೇಳುತ್ತಾರೆ.

ಅತ್ತೆ ಈಗ ಹಾಗೇ ಮಾಡುತ್ತಾರೆ. ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರೆ ಹಿತ್ತಲಿಂದ ಕೂಗುತ್ತಾರೆ, "ಹಂಡೆ ಮೇಲೆ ಬಿಸಿಲು ಬಂತು ಕಣೇ!"

ಈ ಬೆಳೆ ನಾಲ್ಕನೇ ಜ್ವರದಿಂದ ಎದ್ದು ಇವತ್ತಿಗೆ ಐದು ದಿನ. ಇನ್ನೆರಡು ಮೂರು ದಿನಕ್ಕೆ ಹಣ್ಣಾಗುತ್ತವೆ. ಪೂರ್ವದ ಕಿಟಕಿ ಪಕ್ಕದ ಚಂದ್ರಿಕೆಗೆ ಬೆಳಗ್ಗೆ ಆರೂ ಐವತ್ತಕ್ಕೆ ತೆಳು ಬೆಳಕು ತಾಗುತ್ತದೆ ಅಂತ ಪುಸ್ತಕದಲ್ಲಿದೆ. ಅದರ ಮುಂದಿದ್ದ ಸೊಪ್ಪಿನ ಬುಟ್ಟಿಗಳನ್ನು ನಿನ್ನೆಯೇ ಆಚೆ ಇಟ್ಟಿದ್ದೇನೆ.